ಬಿಸಿಲು ಮತ್ತು ನಮ್ಮ ಚರ್ಮ

ಆರೋಗ್ಯವನ್ನು ಬಯಸುವವನು ಸೂರ್ಯನನ್ನು ಪ್ರಾರ್ಥಿಸಬೇಕೆಂದು ನಮ್ಮ ಹಿರಿಯರು ನಂಬಿದ್ದರು. ಶ್ರೀಕಾಕುಳಂ ಬಳಿಯ ಅರಸವಲ್ಲಿಯ ಸೂರ್ಯನಾರಾಯಣನ ಸನ್ನಿಧಿಯಲ್ಲಿ ರಥಸಪ್ತಮಿಯಂದು ಜನಸಾಗರವೇ ನೆರೆಯುವುದು ಈ ನಂಬಿಕೆಯಿಂದಲೇ. ಇದು ನಿರಾಧಾರವೂ ಅಲ್ಲ. ಮೂಳೆಗಳ ಬಲಕ್ಕೆ ಬೇಕಾದ ‘ಡಿ’ ಜೀವಸತ್ವವು ಸೂರ್ಯರಶ್ಮಿಯ ನೆರವಿನಿಂದ ನಮ್ಮ ಚರ್ಮದಲ್ಲಿಯೇ ತಯಾರಾಗುತ್ತದೆ. ಆದರೆ ಅದೇ ಸೂರ್ಯನ ಸಮೀಪಕ್ಕೆ ಹಾರಿದ ಸಂಪಾತಿಯ ರೆಕ್ಕೆಗಳು ಸುಟ್ಟುಹೋದುದನ್ನೂ ರಾಮಾಯಣವು ಹೇಳುತ್ತದೆ. ಬಿಸಿಲಿನಿಂದ ಚರ್ಮಕ್ಕಾಗುವ ಹಾನಿ ಯಾವುದು, ಚರ್ಮದ ಕ್ಯಾನ್ಸರು ನಮ್ಮವರಿಗೂ ಬರುವುದೇ, ಅದಕ್ಕೆ ವಹಿಸಬೇಕಾದ ಎಚ್ಚರಿಕೆಗಳೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ಕಾಣದ ಕಿರಣಗಳು

ಸೂರ್ಯನ ಬೆಳಕು ಕಣ್ಣಿಗೆ ಕಾಣುತ್ತದೆ. ಶಾಖವು ಮೈಗೆ ತಿಳಿಯುತ್ತದೆ. ಇವೆರಡರ ಜೊತೆಗೆ, ಕಣ್ಣಿಗೂ ಕಾಣದ ಮೈಗೂ ತಿಳಿಯದ ಅತಿನೇರಳೆ ಕಿರಣಗಳೂ ಬರುತ್ತವೆ. ಚರ್ಮಕ್ಕೆ ಹೆಚ್ಚಿನ ಹಾನಿ ಮಾಡುವವು ಇವೇ. ಇವುಗಳಲ್ಲಿ ‘ಬಿ’ ವರ್ಗದವು ಹೊರಪದರವನ್ನು ಸುಡುತ್ತವೆ; ‘ಎ’ ವರ್ಗದವು ಇನ್ನೂ ಆಳಕ್ಕಿಳಿದು ಸುಕ್ಕುಗಳನ್ನೂ ಕಪ್ಪು ಕಲೆಗಳನ್ನೂ ಉಂಟುಮಾಡುತ್ತವೆ. ಎರಡೂ ಜೀವಕೋಶಗಳ ವಂಶವಾಹಿಗಳನ್ನು ಕೆಡಿಸಬಲ್ಲವು. ಆ ಕೇಡನ್ನು ಶರೀರವು ಬಹುಮಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಸರಿಹೋಗದೆ ಉಳಿದುದು ವರ್ಷಗಟ್ಟಲೆ ಸಂಚಯವಾಗಿ, ಕೋಶಗಳು ಅಂಕೆಯಿಲ್ಲದೆ ಬೆಳೆಯತೊಡಗಿದರೆ ಅದೇ ಕ್ಯಾನ್ಸರ್.

ಸೆಖೆಯನ್ನು ನೋಡಿ ಈ ಕಿರಣಗಳನ್ನು ಅಳೆಯಲಾಗದು. ವಿಜಯವಾಡದ ಬೇಸಗೆಗೆ ಹೆದರುವ ನಾವು ಬೆಂಗಳೂರಿಗೆ ಹೋದಾಗ, ಹವೆ ತಂಪಾಗಿದೆಯೆಂದು ಬರಿತಲೆಯಲ್ಲಿ ತಿರುಗುತ್ತೇವೆ. ಆದರೆ ಪ್ರತಿ 1000 ಮೀಟರ್ ಎತ್ತರಕ್ಕೆ ಈ ಕಿರಣಗಳ ತೀವ್ರತೆ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ತೆಳುವಾದ ಮೋಡವೂ ಇವನ್ನು ಹೆಚ್ಚು ತಡೆಯಲಾರದು. ಕಡಲತೀರದ ಒಣ ಮರಳು ಸುಮಾರು ಶೇಕಡಾ 15ರಷ್ಟನ್ನು ಪ್ರತಿಫಲಿಸುವುದರಿಂದ ಅಲ್ಲಿ ಕೊಡೆ ಹಿಡಿದವರಿಗೂ ಪೂರ್ಣ ರಕ್ಷಣೆಯಿಲ್ಲ. ಪೆಂಡುರ್ತಿ, ವಿಶಾಖಪಟ್ಟಣಗಳಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ, ಮೇ ತಿಂಗಳ ಎರಡನೆಯ ವಾರದಲ್ಲಿಯೂ ಆಗಸ್ಟ್ ತಿಂಗಳ ಆರಂಭದಲ್ಲಿಯೂ, ನಡುನೆತ್ತಿಯ ಮೇಲೆಯೇ ಬರುತ್ತಾನೆ.

ಪ್ರಕೃತಿ ಕೊಟ್ಟ ಕೊಡೆ

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವು ಈ ಕಿರಣಗಳನ್ನು ಹೀರಿಕೊಂಡು ಒಳಗಿನ ಕೋಶಗಳನ್ನು ಕಾಪಾಡುತ್ತದೆ. ಅದನ್ನು ತಯಾರಿಸುವ ಕೋಶಗಳ ಸಂಖ್ಯೆ ಬಿಳಿಯರಲ್ಲಿಯೂ ನಮ್ಮಲ್ಲಿಯೂ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಅವು ಹೆಚ್ಚು ದ್ರವ್ಯವನ್ನು ತಯಾರಿಸುತ್ತವೆ, ಅಷ್ಟೆ. ಆದುದರಿಂದಲೇ ಆಸ್ಟ್ರೇಲಿಯದ ಬಿಳಿಯರಲ್ಲಿ ಅತಿ ಸಾಮಾನ್ಯವಾಗಿರುವ ಚರ್ಮದ ಕ್ಯಾನ್ಸರು ಭಾರತದಲ್ಲಿ ವಿರಳವಾಗಿದೆ. ಮೈಬಣ್ಣ ಕಪ್ಪೆಂದು ಕೊರಗುತ್ತ ಬಿಳುಪಿನ ಮುಲಾಮುಗಳಿಗೆ ಹಣ ಸುರಿಯುವವರು ಇದನ್ನು ನೆನೆಯಬೇಕು.

ಆದರೆ ವಿರಳವೆಂದರೆ ಇಲ್ಲವೆಂದಲ್ಲ. ಹುಟ್ಟಿನಿಂದಲೇ ಮೈ, ಕೂದಲು ಬೆಳ್ಳಗಿರುವ ಮಕ್ಕಳಿಗೆ ಈ ಕೊಡೆಯೇ ಇಲ್ಲ. ಅವರನ್ನು ಬಾಲ್ಯದಿಂದಲೇ ಬಿಸಿಲಿನಿಂದ ಕಾಪಾಡಬೇಕು. ತೊನ್ನಿನ ಕಲೆಗಳೂ ಬಿಸಿಲಿಗೆ ಬೇಗ ಸುಡುತ್ತವೆ.

ನಮ್ಮಲ್ಲಿ ರೋಗದ ದಾರಿ ಬೇರೆ

ಇದಕ್ಕಿಂತಲೂ ಮುಖ್ಯವಾದುದೆಂದರೆ, ನಮ್ಮ ದೇಶದಲ್ಲಿ ಚರ್ಮದ ಕ್ಯಾನ್ಸರು ಬಿಸಿಲು ಬೀಳದ ಜಾಗಗಳಲ್ಲಿಯೂ ಹುಟ್ಟುತ್ತದೆ. ಕಾಶ್ಮೀರದವರು ಚಳಿಗಾಲದಲ್ಲಿ ಕಾಂಗ್ಡಿ ಎಂಬ ಕೆಂಡದ ಕುಡಿಕೆಯನ್ನು ನಿಲುವಂಗಿಯೊಳಗೆ ಇಟ್ಟುಕೊಳ್ಳುತ್ತಾರೆ. ಇದರಿಂದ ಹೊಟ್ಟೆ, ತೊಡೆಗಳಲ್ಲಿ ಕ್ಯಾನ್ಸರು ಬರುವುದನ್ನು ಡಾ. ಎಲ್ಮ್‌ಸ್ಲಿ 1866ರಲ್ಲಿಯೇ ವರ್ಣಿಸಿದ್ದರು. ಬಿಗಿಯಾಗಿ ಕಟ್ಟಿದ ಧೋತರದ ಉಜ್ಜುವಿಕೆಯಿಂದ ಸೊಂಟದಲ್ಲಿ ಬರುವ ಕ್ಯಾನ್ಸರನ್ನು ಮುಂಬಯಿಯ ಡಾ. ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿಯವರು 1945ರಲ್ಲಿ ಪ್ರಕಟಿಸಿದರು. ಸೀರೆಯ ಒಳಲಂಗದ ಲಾಡಿಯಿಂದಲೂ ಇದೇ ಸಂಭವವುಂಟು. ನಮ್ಮ ಕರಾವಳಿಯಲ್ಲಿ ಉರಿಯುವ ತುದಿಯನ್ನು ಬಾಯೊಳಗಿಟ್ಟು ಚುಟ್ಟಾ ಸೇದುವವರ ಅಂಗುಳದ ಕ್ಯಾನ್ಸರನ್ನೂ ಅದೇ ಲೇಖನವು ಚರ್ಚಿಸಿತ್ತು.

ಬೆಂಕಿಯಿಂದ ಸುಟ್ಟು ಮಾಯ್ದ ಹಳೆಯ ಕಲೆ, ವರ್ಷಗಟ್ಟಲೆ ಒಣಗದ ಕಾಲಿನ ಹುಣ್ಣು, ಇವೂ ಕ್ಯಾನ್ಸರಾಗಿ ಮಾರ್ಪಡಬಹುದು. ಎಲ್ಲಕ್ಕಿಂತ ಉಗ್ರವಾದ ಮೆಲನೋಮ ಎಂಬ ಬಗೆಯು ಕಪ್ಪು ಮೈಯವರಲ್ಲಿ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಜಮೈಕಾದ ಪ್ರಖ್ಯಾತ ಗಾಯಕ ಬಾಬ್ ಮಾರ್ಲಿ 1981ರಲ್ಲಿ ತಮ್ಮ 36ನೆಯ ವಯಸ್ಸಿನಲ್ಲಿ ತೀರಿಕೊಂಡುದು ಕಾಲ್ಬೆರಳಿನ ಉಗುರಿನಡಿ ಹುಟ್ಟಿದ ಮೆಲನೋಮದಿಂದಲೇ.

ಕಪ್ಪು ಮೈಯವರಿಗೆ ಈ ರೋಗವು ಬಾರದೆಂಬ ತಪ್ಪು ಭಾವನೆಯಿಂದ ರೋಗಿಯು ಹುಣ್ಣಿಗೆ ಅರಿಸಿನವನ್ನೋ ಅಂಗಡಿಯ ಮುಲಾಮನ್ನೋ ಹಚ್ಚುತ್ತ ತಿಂಗಳುಗಳನ್ನು ಕಳೆಯುತ್ತಾನೆ. ಆರಂಭದಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಿಂದ ಮುಗಿಯಬಹುದಾದುದು ಈ ವಿಳಂಬದಿಂದ ಪ್ರಾಣಕ್ಕೇ ಮುಳುವಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಅನವಶ್ಯಕವಾಗಿ ಬಿಸಿಲಿನಲ್ಲಿ ನಿಲ್ಲಬೇಡಿ.

2. ಕೊಡೆಯನ್ನೋ ಅಗಲ ಅಂಚಿನ ಟೊಪ್ಪಿಗೆಯನ್ನೋ ಬಳಸಿ. ರುಮಾಲು ನೆತ್ತಿಯನ್ನು ಕಾಯುತ್ತದೆ. ಮೂಗು, ತುಟಿಗಳನ್ನು ಕಾಯದು. ದಟ್ಟ ನೇಯ್ಗೆಯ ತುಂಬುತೋಳಿನ ಉಡುಪು ಉತ್ತಮ. ತೆಳು ಹತ್ತಿಬಟ್ಟೆ ಒದ್ದೆಯಾದಾಗ ಅದರ ರಕ್ಷಣೆ ಕುಗ್ಗುತ್ತದೆ.

3. ಬಹಳ ಹೊತ್ತು ಬಯಲಿನಲ್ಲಿ ದುಡಿಯುವವರು ಎಸ್.ಪಿ.ಎಫ್. 30 ಅಥವಾ ಹೆಚ್ಚಿನ ಲೇಪವನ್ನು ಹಚ್ಚಿ, ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕು.

4. ಲಂಗದ ಲಾಡಿಯನ್ನು ಸಡಿಲವಾಗಿ, ಅಗಲವಾದ ಪಟ್ಟಿಯಿಂದ ಕಟ್ಟಿ; ದಿನವೂ ಒಂದೇ ಜಾಗದಲ್ಲಿ ಬಿಗಿಯಬೇಡಿ.

5. ತಿಂಗಳಿಗೊಮ್ಮೆ ಸ್ನಾನದ ನಂತರ ಮೈಯನ್ನೆಲ್ಲ ಪರೀಕ್ಷಿಸಿಕೊಳ್ಳಿ. ಅಂಗಾಲು, ಬೆರಳ ಸಂದು, ಹಳೆಯ ಕಲೆಗಳನ್ನು ಮರೆಯಬೇಡಿ. ವೃದ್ಧರಿಗೆ ಮನೆಯವರು ನೆರವಾಗಬೇಕು.

ನಾಲ್ಕು ವಾರವಾದರೂ ಮಾಯದ ಹುಣ್ಣು, ಮತ್ತೆ ಮತ್ತೆ ರಕ್ತ ಒಸರುವ ಗಂಟು, ಹಿಗ್ಗುವ ಇಲ್ಲವೆ ಬಣ್ಣ ಬದಲಿಸುವ ಮಚ್ಚೆ, ಉಗುರಿನಡಿ ಹೊಸದಾಗಿ ಮೂಡಿದ ಕಪ್ಪು ಗೆರೆ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ಅವರು ಅಗತ್ಯವೆಂದರೆ ಚರ್ಮದ ಚಿಕ್ಕ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವರು; ಇದಕ್ಕೆ ಅಂಜಬೇಕಾಗಿಲ್ಲ. ವಿಶಾಖಪಟ್ಟಣದಲ್ಲಿ ಕಿಂಗ್ ಜಾರ್ಜ್ ಆಸ್ಪತ್ರೆಯೂ ಅಗನಂಪೂಡಿಯ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆಯೂ ಇವೆ. ಊರಿನಲ್ಲಿರುವ ಬಂಧುಗಳಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ.

ಸೂರ್ಯನಿಗೆ ಕೈಮುಗಿಯೋಣ, ಕೊಡೆಯನ್ನೂ ಹಿಡಿಯೋಣ. ಮುಖವನ್ನು ದಿನಕ್ಕೆ ಹತ್ತು ಬಾರಿ ಕನ್ನಡಿಯಲ್ಲಿ ನೋಡಿಕೊಳ್ಳುವ ನಾವು ತಿಂಗಳಿಗೊಮ್ಮೆಯಾದರೂ ನಮ್ಮ ಅಂಗಾಲನ್ನು ನೋಡಿಕೊಂಡರೆ ಒಂದು ಜೀವ ಉಳಿದೀತು.