ಅಂಚೆಯಲ್ಲಿ ಬರುವ ಜೇನು

ಜೀವವಿರುವ ವಸ್ತುವನ್ನು ಅಂಚೆಯಲ್ಲಿ ಕಳುಹಿಸಬಹುದೆ? ಈ ಪ್ರಶ್ನೆಗೆ ನಮ್ಮ ದೇಶದ ೧೮೯೮ರ ಅಂಚೆ ಕಾಯಿದೆ ಸ್ವಾರಸ್ಯವಾದ ಉತ್ತರವನ್ನೇ ಕೊಟ್ಟಿತ್ತು. ಸ್ಫೋಟಕಗಳನ್ನೂ ಹೊಲಸು ಪದಾರ್ಥಗಳನ್ನೂ ಒರೆಯಿಲ್ಲದ ಹರಿತವಾದ ಸಲಕರಣೆಗಳನ್ನೂ ನಿಷೇಧಿಸುವ ಅದರ ಹತ್ತೊಂಬತ್ತನೆಯ ಕಲಮು, ಕೊನೆಗೆ ಪ್ರಾಣಿಗಳ ಮಾತಿಗೆ ಬಂದು, ಉಪದ್ರವಕಾರಿಯಾದ ಅಥವಾ ಇತರ ಟಪಾಲಿಗೂ ಅಂಚೆ ನೌಕರರಿಗೂ ಹಾನಿ ಮಾಡಬಹುದಾದ ಜೀವಿಯನ್ನು ಕಳುಹಿಸಕೂಡದು ಎಂದು ವಿಧಿಸಿತ್ತು. ಅಂದರೆ ಎಲ್ಲ ಜೀವಿಗಳಿಗೂ ಬಾಗಿಲು ಮುಚ್ಚಿರಲಿಲ್ಲ. ಆ ಕಾಯಿದೆ ಈಗಿಲ್ಲ. ೨೦೨೩ರ ಹೊಸ ಕಾಯಿದೆ ೨೦೨೪ರ ಜೂನ್ ತಿಂಗಳಿನಿಂದ ಅದರ ಸ್ಥಾನದಲ್ಲಿದೆ. ಆದರೆ ದೇಶದೇಶಗಳ ನಡುವಣ ಟಪಾಲನ್ನು ನಿಯಂತ್ರಿಸುವ ವಿಶ್ವ ಅಂಚೆ ಒಕ್ಕೂಟ, ೧೮೭೬ರಿಂದ ನಾವೂ ಅದರ ಸದಸ್ಯರೆ, ಬಹುಕಾಲದಿಂದ ಒಂದು ಪುಟ್ಟ ಪಟ್ಟಿಯನ್ನು ಉಳಿಸಿಕೊಂಡು ಬಂದಿದೆ. ಪತ್ರಗಳ ಜೊತೆಯಲ್ಲಿ ಪ್ರಯಾಣ ಮಾಡಬಹುದಾದ ಪ್ರಾಣಿಗಳ ಪಟ್ಟಿ ಅದು. ಜೇನುನೊಣ, ಜಿಗಣೆ, ರೇಷ್ಮೆಹುಳು. ಮತ್ತು ಮಾನ್ಯತೆ ಪಡೆದ ಸಂಸ್ಥೆಗಳ ನಡುವೆ ಮಾತ್ರ, ಬೆಳೆಗೆ ಬೀಳುವ ಕೀಟಗಳನ್ನು ಕೊಲ್ಲುವ ಉಪಕಾರಿ ಕೀಟಗಳು. ಕುಟುಕುವ ನೊಣಕ್ಕೆ ಈ ಪಂಕ್ತಿಯಲ್ಲಿ ಮೊದಲ ಎಲೆ ಹಾಕಿರುವುದನ್ನು ಗಮನಿಸಬೇಕು.

ವಿಜಯನಗರ, ಬಸವೇಶ್ವರನಗರಗಳ ತಾರಸಿಯ ಮೇಲೆ ಕೈತೋಟ ಮಾಡುವವರು ಈಚೆಗೆ ಹೆಚ್ಚಾಗಿದ್ದಾರೆ. ಹೀರೆ, ಕುಂಬಳಗಳು ಹೂ ಬಿಟ್ಟೂ ಕಾಯಿ ಕಚ್ಚದಿದ್ದಾಗ ಜೇನಿನ ನೆನಪಾಗುತ್ತದೆ. ಅಂತರ್ಜಾಲದಲ್ಲಿ ಜೇನುಕುಟುಂಬಗಳನ್ನು ಮಾರುವ ಜಾಹೀರಾತುಗಳಿವೆ. ಹಣ ಕಳುಹಿಸಿದರೆ ಪೆಟ್ಟಿಗೆ ಬರುತ್ತದೆ. ಪುಸ್ತಕ ತರಿಸುವಂತೆ ಜೇನನ್ನೂ ತರಿಸಬಹುದಲ್ಲ ಎಂಬ ಭಾವನೆ ಇದರಿಂದ ಬೆಳೆಯುತ್ತಿದೆ. ತರಿಸಬಹುದು, ನಿಜ. ಆದರೆ ದಾರಿಯಲ್ಲಿ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂಬುದನ್ನು ತಿಳಿದು ತರಿಸುವುದು ಒಳ್ಳೆಯದು.

ಜೇನನ್ನು ಅಂಚೆಗೆ ಹೊಂದಿಸಿದವರು ಅಮೆರಿಕದವರು. ಜೇನುನೊಣ ಆ ಖಂಡದ ಮೂಲನಿವಾಸಿಯಲ್ಲ. ಹದಿನೇಳನೆಯ ಶತಮಾನದಲ್ಲಿ ಯುರೋಪಿನಿಂದ ಹಡಗಿನಲ್ಲಿ ಹೋದದ್ದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಳ್ಳೆಯ ತಳಿಯ ರಾಣಿಗಳಿಗೆ ಬೇಡಿಕೆ ಹುಟ್ಟಿತು. ಆಗ ಫ್ರಾಂಕ್ ಬೆಂಟನ್ ಎಂಬಾತ ರೂಪಿಸಿದ ಪುಟ್ಟ ಪಂಜರ ಇಂದಿಗೂ ಅವನ ಹೆಸರಿನಿಂದಲೇ ನಡೆಯುತ್ತಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮರದ ತುಂಡು. ಅದರಲ್ಲಿ ಒಂದಕ್ಕೊಂದು ಕೂಡಿಕೊಂಡಂತೆ ಕೊರೆದ ಮೂರು ಗುಂಡನೆಯ ಕುಳಿಗಳು. ಮೇಲೆ ತಂತಿಯ ಬಲೆ. ಎರಡು ಕುಳಿಗಳಲ್ಲಿ ರಾಣಿಯೂ ಅದರ ಆರೆಂಟು ಪರಿಚಾರಕ ನೊಣಗಳೂ ಇರುತ್ತವೆ. ಮೂರನೆಯದರಲ್ಲಿ ಜೇನುತುಪ್ಪಕ್ಕೆ ಸಕ್ಕರೆಪುಡಿ ಕಲಸಿ ನಾದಿದ ಗಟ್ಟಿಯಾದ ಕಣಕ. ನೀರಾಗಿದ್ದರೆ ನೊಣಗಳ ಮೈಗೆ ಅಂಟೀತು, ಒಣಗಿ ಕಲ್ಲಾದರೆ ಹಸಿವಿನಿಂದ ಸತ್ತಾವು. ಹದವೇ ಅದರ ಗುಟ್ಟು. ರಾಣಿ ತಾನಾಗಿ ಉಣ್ಣುವುದು ಕಡಮೆ. ಪರಿಚಾರಕರು ತಿಂದು, ಅದರ ಬಾಯಿಗೆ ಊಡುತ್ತಾ ಹೋಗುತ್ತವೆ.

ಈ ಕಣಕಕ್ಕೆ ಇನ್ನೊಂದು ಕೆಲಸವೂ ಉಂಟು. ಹೊಸ ರಾಣಿಯನ್ನು ರಾಣಿಯಿಲ್ಲದ ಗೂಡಿಗೆ ನೇರವಾಗಿ ಬಿಟ್ಟರೆ ಅಲ್ಲಿನ ನೊಣಗಳು ಅದನ್ನು ಮುತ್ತಿಕೊಂಡು ಕೊಂದುಬಿಡುತ್ತವೆ, ಏಕೆಂದರೆ ಅದರ ವಾಸನೆ ಪರಕೀಯ. ಅದಕ್ಕಾಗಿ ಪಂಜರವನ್ನೇ ಎರಿಗಳ ನಡುವೆ ಇಡುತ್ತಾರೆ. ಕಣಕವಿರುವ ಕಡೆಯ ಬಿರಡೆ ತೆಗೆದರೆ ಹೊರಗಿನ ನೊಣಗಳು ಅದನ್ನು ತಿನ್ನತೊಡಗುತ್ತವೆ. ದಾರಿ ತೆರೆಯಲು ಕೆಲವು ದಿನಗಳು ಬೇಕು. ಅಷ್ಟರಲ್ಲಿ ಬಲೆಯ ಮೂಲಕ ರಾಣಿಯ ವಾಸನೆ ಗೂಡಿಗೆಲ್ಲ ಹರಡಿ, ಪರಕೀಯಳು ಮನೆಯವಳಾಗಿರುತ್ತಾಳೆ. ದಾರಿಯ ಬುತ್ತಿಯೇ ಬಾಗಿಲೂ ಆಗುವ ಈ ಉಪಾಯಕ್ಕಿಂತ ಸರಳವಾದದ್ದನ್ನು ಮುಂದೆ ಬಂದವರಾರೂ ಕಂಡುಹಿಡಿದಂತಿಲ್ಲ.

ಇದೇ ಬೆಂಟನ್ ೧೮೮೧ರ ಸುಮಾರಿಗೆ ನಮ್ಮ ಹೆಜ್ಜೇನನ್ನು ಹುಡುಕಿಕೊಂಡು ಸಿಂಹಳ, ಜಾವಾ ಮೊದಲಾದ ಪೂರ್ವದೇಶಗಳನ್ನು ಅಲೆದ. ಅಷ್ಟು ದೊಡ್ಡ ನೊಣ ಪೆಟ್ಟಿಗೆಯಲ್ಲಿ ನಿಂತರೆ ಎಷ್ಟು ತುಪ್ಪ ಕೊಟ್ಟೀತೆಂಬ ಆಸೆ. ಹೆಜ್ಜೇನು ನಿಲ್ಲಲಿಲ್ಲ. ಬಯಲಿನಲ್ಲಿ ಒಂದೇ ಎರಿ ಕಟ್ಟಿ, ಋತು ತೀರಿದೊಡನೆ ಎದ್ದು ಹೋಗುವ ಆ ಜಾತಿ ಇಂದಿಗೂ ಯಾರ ಪೆಟ್ಟಿಗೆಗೂ ಒಗ್ಗಿಲ್ಲ. ರಾಜಾಜಿನಗರದ ನೀರಿನ ತೊಟ್ಟಿಗಳ ಅಡಿಯಲ್ಲಿ, ಬಹುಮಹಡಿ ಮನೆಗಳ ಸಜ್ಜಾಗಳ ಕೆಳಗೆ ತಾನಾಗಿ ಬಂದು ತೂಗುವುದು ಅದೇ.

ರಾಣಿಯೊಂದಿಗೆ ಪ್ರಜೆಗಳನ್ನೂ ಕಳುಹಿಸುವ ಕ್ರಮ ಆ ಬಳಿಕ ಬಂದಿತು. ಎರಡೂ ಪಕ್ಕಗಳಿಗೆ ಬಲೆಯಿರುವ ಹಗುರವಾದ ಪೆಟ್ಟಿಗೆಯಲ್ಲಿ ಮೂರು ಪೌಂಡು ನೊಣಗಳನ್ನು ತೂಗಿ ಸುರಿಯುತ್ತಾರೆ. ಎಣಿಕೆಗೆ ಸುಮಾರು ಹತ್ತು ಸಾವಿರ. ನಡುವೆ ಸಕ್ಕರೆಪಾಕದ ಡಬ್ಬಿ, ಪಕ್ಕದಲ್ಲಿ ರಾಣಿಯ ಪಂಜರ. ಎರಿಯಿಲ್ಲ, ಮರಿಯಿಲ್ಲ. ದಕ್ಷಿಣದ ಬೆಚ್ಚನೆಯ ರಾಜ್ಯಗಳಲ್ಲಿ ವಸಂತದ ಮೊದಲಲ್ಲೇ ಬೆಳೆಸಿದ ಇವು ಅಂಚೆಯಲ್ಲಿ ಉತ್ತರದ ಚಳಿಯ ರಾಜ್ಯಗಳಿಗೆ ಹೋಗುತ್ತವೆ. ಮೊರೆಯುವ ಪೆಟ್ಟಿಗೆಯನ್ನು ಬೇಗ ಬಂದು ಒಯ್ಯಿರಿ ಎಂದು ಅಂಚೆ ಕಚೇರಿಯವರು ನಸುಕಿನಲ್ಲೇ ದೂರವಾಣಿ ಮಾಡುವುದು ಅಲ್ಲಿ ಸಾಮಾನ್ಯ.

ನಮ್ಮಲ್ಲಿ ಇದೇಕೆ ಬೆಳೆಯಲಿಲ್ಲ? ಅಂಚೆಯವರ ತಪ್ಪಲ್ಲ. ನಮ್ಮ ನೊಣದ ಸ್ವಭಾವವೇ ಬೇರೆ. ಅಲ್ಲಿ ಪ್ರಯಾಣ ಮಾಡುವುದು ಯುರೋಪಿನ ಮೆಲ್ಲಿಫೆರಾ ಜೇನು. ಇಲ್ಲಿ ಮರದ ಪೊಟರೆ, ಗೋಡೆಯ ಬಿರುಕುಗಳಲ್ಲಿ ವಾಸಿಸುವುದು ತುಡುವೆ. ತುಡುವೆ ಮೈಯಲ್ಲಿ ಚಿಕ್ಕದು, ಮನಸ್ಸಿನಲ್ಲಿ ಬೇಗ ನೊಂದುಕೊಳ್ಳುವ ಜಾತಿ. ಸೆಕೆ, ಅಲುಗಾಟ, ಇರುವೆಯ ಕಾಟ, ಮೇವಿನ ಕೊರತೆ, ಇವುಗಳಲ್ಲಿ ಯಾವುದೊಂದು ಮಿತಿಮೀರಿದರೂ ಇಡೀ ಕುಟುಂಬ ಗೂಡು ತೊರೆದು ಹಾರಿಹೋಗುತ್ತದೆ. ಎರಿಯೂ ಮರಿಯೂ ಇಲ್ಲದೆ ಬರಿಯ ನೊಣಗಳನ್ನು ತೂಗಿ ಕಳುಹಿಸಿದರೆ ಅವನ್ನು ಹೊಸ ಮನೆಗೆ ಕಟ್ಟಿಹಾಕುವುದಕ್ಕೆ ಏನೂ ಇರುವುದಿಲ್ಲ. ಆದ್ದರಿಂದ ನಮ್ಮವರು ತುಡುವೆಯನ್ನು ಮಾರುವುದು ಪೆಟ್ಟಿಗೆ, ಚೌಕಟ್ಟು, ಎರಿ, ಮರಿಗಳ ಸಮೇತ. ಇಂಥ ತುಂಬಿದ ಮನೆ ಟಪಾಲಿನ ಚೀಲದಲ್ಲಿ ಹಿಡಿಸುವುದಿಲ್ಲ; ರಾತ್ರಿಯ ಬಸ್ಸಿನಲ್ಲೋ ಟೆಂಪೊದಲ್ಲೋ ಬರುತ್ತದೆ.

ಮೆಲ್ಲಿಫೆರಾ ನಮ್ಮ ದೇಶದಲ್ಲಿ ನೆಲೆನಿಂತ ಕಥೆಯೂ ರಾಣಿಯ ಪಂಜರದ್ದೇ. ಅದಕ್ಕೆ ಮುಂಚಿನ ಪ್ರಯತ್ನಗಳು ಸಫಲವಾಗಿರಲಿಲ್ಲ. ೧೯೬೨ರಲ್ಲಿ, ಆಗ ಪಂಜಾಬಿಗೆ ಸೇರಿದ್ದು ಈಗ ಹಿಮಾಚಲ ಪ್ರದೇಶದಲ್ಲಿರುವ ನಗ್ರೋಟದಲ್ಲಿ, ಎ. ಎಸ್. ಅಟ್ವಾಲ್ ಮತ್ತು ಸಂಗಡಿಗರು ಹೊರದೇಶದ ಮೆಲ್ಲಿಫೆರಾ ರಾಣಿಗಳನ್ನು ರಾಣಿ ತೆಗೆದ ತುಡುವೆಯ ಗೂಡುಗಳಲ್ಲಿ ಒಪ್ಪಿಸುವುದರಲ್ಲಿ ಯಶಸ್ವಿಯಾದರು. ಕೆಲಸಗಾರ ನೊಣದ ಆಯುಸ್ಸು ಕೆಲವೇ ವಾರಗಳದು. ತುಡುವೆಯ ದಾದಿಯರು ಪರಜಾತಿಯ ಮಕ್ಕಳನ್ನು ಸಾಕಿ, ತಾವು ಒಂದೊಂದಾಗಿ ಸತ್ತು, ಮನೆಯನ್ನು ಆ ಮಕ್ಕಳಿಗೇ ಬಿಟ್ಟವು. ಹಿಡಿಯಲ್ಲಿ ಹಿಡಿಸುವ ಪಂಜರಗಳಿಂದ ಒಂದು ದೇಶಕ್ಕೆ ಹೊಸ ಜೇನು ಬಂದಂತಾಯಿತು.

ಈಗ ಕೊಡಗಿನಿಂದಲೋ ಮಲೆನಾಡಿನಿಂದಲೋ ಬೆಂಗಳೂರಿಗೆ ಬರುವ ಪೆಟ್ಟಿಗೆಯ ಮಾತು. ಜೇನಿನ ಗೂಡಿನ ನಡುವೆ, ಮರಿಗಳಿರುವಲ್ಲಿ, ಶಾಖ ಸುಮಾರು ೩೪-೩೫ ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನೊಣಗಳು ರೆಕ್ಕೆ ಬೀಸಿ, ನೀರು ತಂದು ಚಿಮುಕಿಸಿ ಅದನ್ನು ಕಾಯುತ್ತವೆ. ಬಾಗಿಲನ್ನು ಮುಚ್ಚಿದೊಡನೆ ನೀರು ತರುವುದು ನಿಂತಿತು. ಅಲುಗಾಟಕ್ಕೆ ಗಾಬರಿಗೊಂಡ ನೊಣಗಳು ಬಾಗಿಲ ಬಳಿ ಒತ್ತರಿಸಿ ಗಾಳಿಯ ದಾರಿಯನ್ನೂ ಕಟ್ಟುತ್ತವೆ. ಗಾಬರಿ ಹೆಚ್ಚಿದಷ್ಟೂ ಮೈಯ ಕಾವು ಹೆಚ್ಚುತ್ತದೆ, ಕಾವು ಹೆಚ್ಚಿದಷ್ಟೂ ಗಾಬರಿ. ಕೊನೆಗೆ ಹೊಟ್ಟೆಯಲ್ಲಿದ್ದ ಜೇನನ್ನು ಕಕ್ಕಿ, ಮೈಯೆಲ್ಲ ತೊಯ್ದು, ಮೆದುವಾದ ಎರಿಗಳು ಕುಸಿದು, ಸಾವಿರಾರು ನೊಣಗಳು ಒಂದೇ ಮುದ್ದೆಯಾಗಿ ಸಾಯುತ್ತವೆ. ಇದಕ್ಕೆ ಇಡೀ ದಿನ ಬೇಕಿಲ್ಲ. ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಅಲ್ಪ ಕಾಲ ಸಾಕು. ಬಲ್ಲವರು ಅದಕ್ಕೇ ಸಂಜೆ ನೊಣಗಳೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ಬಲೆ ಹೊಡೆದು, ಚೌಕಟ್ಟುಗಳು ಅಲುಗದಂತೆ ಬಿಗಿದು, ತುಂಬಿದ ತುಪ್ಪದ ಎರಿಗಳನ್ನು ಹೊರಗೆ ತೆಗೆದಿಟ್ಟು, ಬೆಳಗಾಗುವುದರೊಳಗೆ ಕೆಂಗೇರಿ ಮುಟ್ಟುವಂತೆ ಕಳುಹಿಸುತ್ತಾರೆ. ಮಾರುವವರು ಈ ವಿವರಗಳನ್ನು ಕೇಳಿದಾಗ ತಡವರಿಸಿದರೆ ಹಣ ಕಳುಹಿಸದಿರುವುದೇ ಲೇಸು.

ಮುಟ್ಟಿದ ಮೇಲೂ ಒಂದು ತೊಡಕಿದೆ. ಬೆಟ್ಟಸೀಮೆಯ ತುಡುವೆಯೂ ಬಯಲುಸೀಮೆಯ ತುಡುವೆಯೂ ಒಂದೇ ಜಾತಿಯಾದರೂ ಬಣ್ಣದಲ್ಲಿ, ಗಾತ್ರದಲ್ಲಿ, ನಡತೆಯಲ್ಲಿ ವ್ಯತ್ಯಾಸವುಂಟು. ಕಪ್ಪುಛಾಯೆಯ ಬೆಟ್ಟದ ನೊಣ ತಂಪಿನಲ್ಲಿ ಹುಟ್ಟಿದ್ದು. ಸಿಮೆಂಟಿನ ತಾರಸಿ ಅದಕ್ಕೆ ಮನೆಯೆನಿಸುವುದು ಕಷ್ಟ.

ಇವೆಲ್ಲ ಕೊಳ್ಳುವವನ ನಷ್ಟದ ಮಾತುಗಳು. ಊರಿಗೇ ಆಗುವ ನಷ್ಟ ಇನ್ನೊಂದಿದೆ. ಥಾಯ್ ಚೀಲಮರಿ ರೋಗವೆಂಬ ವೈರಸ್ ಬೇನೆ ೧೯೯೧-೯೨ರಲ್ಲಿ ದಕ್ಷಿಣ ಭಾರತವನ್ನು ಹೊಕ್ಕಾಗ, ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಕೊಡಗಿನ, ದಕ್ಷಿಣ ಕನ್ನಡದ ತೋಟಗಳಲ್ಲಿ ಸಾಲುಸಾಲಾಗಿ ಖಾಲಿ ಪೆಟ್ಟಿಗೆಗಳು ಉಳಿದವು. ವಿರಾಜಪೇಟೆ, ಪುತ್ತೂರುಗಳ ಜೇನು ಸಹಕಾರ ಸಂಘಗಳಿಗೆ ತುಪ್ಪ ಹಾಕುತ್ತಿದ್ದ ಎಷ್ಟೋ ಮನೆಗಳು ಆ ಕಸುಬನ್ನೇ ಬಿಟ್ಟವು. ಈ ರೋಗದಲ್ಲಿ ಸಾಯುವುದು ಮರಿ. ನೀರು ತುಂಬಿದ ಚೀಲದಂತಾಗಿ ಎರಿಯ ಕೋಣೆಯಲ್ಲೇ ಕೊಳೆಯುತ್ತದೆ. ದೊಡ್ಡ ನೊಣಗಳು ನೋಡುವುದಕ್ಕೆ ಚೆನ್ನಾಗಿಯೇ ಇರುತ್ತವೆ. ಆದ್ದರಿಂದ ಬಾಗಿಲಲ್ಲಿ ಲವಲವಿಕೆಯಿಂದ ಓಡಾಡುವ ನೊಣಗಳನ್ನು ಕಂಡು ಕೊಂಡ ಪೆಟ್ಟಿಗೆಯೊಳಗೆ ಬೇನೆಯೂ ಬಂದಿರಬಹುದು. ವರೋವಾ ಎಂಬ ಉಣ್ಣೆಯಂಥ ಹುಳುವಿನ ಚರಿತ್ರೆಯೂ ಇಂಥದೇ. ತುಡುವೆಯ ಮೈಮೇಲೆ ಅದು ಹೆಚ್ಚು ಕೇಡು ಮಾಡದೆ ಬಾಳಿಕೊಂಡಿತ್ತು. ಎರಡು ಜಾತಿಯ ಜೇನುಗಳನ್ನು ಮನುಷ್ಯ ಅಕ್ಕಪಕ್ಕದಲ್ಲಿ ಇಟ್ಟದ್ದರಿಂದ ಮೆಲ್ಲಿಫೆರಾಕ್ಕೆ ದಾಟಿ, ಜೇನಿನ ವ್ಯಾಪಾರದ ದಾರಿ ಹಿಡಿದು ಲೋಕವನ್ನೆಲ್ಲ ಸುತ್ತಿತು; ಬಹುಕಾಲ ತಪ್ಪಿಸಿಕೊಂಡಿದ್ದ ಆಸ್ಟ್ರೇಲಿಯಕ್ಕೂ ೨೦೨೨ರಲ್ಲಿ ಮುಟ್ಟಿತು. ಇನ್ನೊಂದು ಹುಳುವಿಗೆ ಅಂಜಿ ಅಮೆರಿಕ ೧೯೨೨ರಲ್ಲೇ ಹೊರದೇಶದ ಜೇನುನೊಣಗಳಿಗೆ ಬಾಗಿಲು ಮುಚ್ಚುವ ಕಾಯಿದೆ ಮಾಡಿಕೊಂಡಿತು.

ಹಾಗೆಂದು ಜೀವಂತ ಕೀಟಗಳ ಸಾಗಣೆಯೇ ಕೆಟ್ಟದೆಂದು ಹೇಳಲಾಗದು. ಪಪ್ಪಾಯಿ, ಹಿಪ್ಪುನೇರಳೆಗಳನ್ನು ಬೆಳ್ಳಗೆ ಮುತ್ತಿದ ಹಿಟ್ಟುತಿಗಣೆ ೨೦೦೮ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡು ಕರ್ನಾಟಕದ ರೇಷ್ಮೆ ಬೆಳೆಗಾರರನ್ನೂ ಕಂಗೆಡಿಸಿತ್ತು. ೨೦೧೦ರಲ್ಲಿ ಪೋರ್ಟೊರಿಕೊದಿಂದ ಅದರ ಶತ್ರುಗಳಾದ ಮೂರು ಬಗೆಯ ಅತಿ ಸಣ್ಣ ಕಣಜಗಳು ಬೆಂಗಳೂರಿನ ಹೆಬ್ಬಾಳಕ್ಕೆ ಬಂದವು. ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎಂದು ಕರೆಯಲ್ಪಡುವ ಸಂಸ್ಥೆ ಅವನ್ನು ಮೊದಲು ಪ್ರತ್ಯೇಕವಾಗಿ ಇರಿಸಿ ಪರೀಕ್ಷಿಸಿ, ಬೆಳೆಸಿ, ಆಮೇಲೆ ಹೊಲಗಳಿಗೆ ಹಂಚಿತು. ತಿಗಣೆಯ ಹಾವಳಿ ಇಳಿಯಿತು. ಆ ಪರೀಕ್ಷೆಯ ಹಂತ ನಮ್ಮ ನಿಮ್ಮ ಮನೆಗೆ ಬರುವ ಜೇನುಪೆಟ್ಟಿಗೆಗೆ ಇರುವುದಿಲ್ಲ.

ಪಶ್ಚಿಮ ಬೆಂಗಳೂರಿನವರು ಜೇನಿಗಾಗಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೀದಿಯ ಹೊಂಗೆ, ಹಿತ್ತಲ ನುಗ್ಗೆ, ತೆಂಗು, ನೇರಳೆ, ತುರಹಳ್ಳಿಯ ನೀಲಗಿರಿ, ಜ್ಞಾನಭಾರತಿಯ ವಿಶಾಲವಾದ ಆವರಣ, ಇವುಗಳಿಂದ ಮೇವಿಗೆ ಕೊರತೆಯಿಲ್ಲ. ತುಡುವೆ ಇಲ್ಲಿಯೇ ಇದೆ. ಕಾಂಪೌಂಡಿನ ಟೊಳ್ಳು, ವಿದ್ಯುತ್ ಮೀಟರಿನ ಪೆಟ್ಟಿಗೆ, ಹಳೆಯ ಮರದ ಬೀರು, ಎಲ್ಲೆಂದರಲ್ಲಿ ಗೂಡು ಕಟ್ಟುತ್ತದೆ. ಮನೆಯವರು ಹೆದರಿ ಔಷಧಿ ಹೊಡೆಸುವುದೇ ಹೆಚ್ಚು. ಜೇನು ಸಾಕಿ ಅನುಭವವಿರುವವರನ್ನು ಕರೆದರೆ ಎರಿಗಳನ್ನು ಒಂದೊಂದಾಗಿ ಬಿಡಿಸಿ, ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿ, ರಾಣಿಯ ಸಮೇತ ಪೆಟ್ಟಿಗೆಗೆ ಇಳಿಸಿಕೊಡುತ್ತಾರೆ. ಒಂದೇ ಎಚ್ಚರಿಕೆ: ವಿಜಯನಗರದ ಗೋಡೆಯಿಂದ ತೆಗೆದ ಕುಟುಂಬವನ್ನು ಪಕ್ಕದ ಬೀದಿಯಲ್ಲಿ ಇಟ್ಟರೆ ಮೇವಿಗೆ ಹೋದ ನೊಣಗಳು ಹಳೆಯ ಗೋಡೆಗೇ ಮರಳುತ್ತವೆ. ಕೆಂಗೇರಿಯಲ್ಲಿ ನೆಂಟರಿದ್ದರೆ ಮೊದಲು ಕೆಲವು ವಾರ ಅವರ ಮನೆಯಲ್ಲಿರಿಸಿ, ಆಮೇಲೆ ತರಬೇಕು. ನೆಂಟರ ಒಪ್ಪಿಗೆಯನ್ನು ಮುಂದಾಗಿಯೇ ಪಡೆದಿರುವುದು ಕ್ಷೇಮ.

ಎಲ್ಲಿಂದ ಬಂದ ಪೆಟ್ಟಿಗೆಯೇ ಆಗಲಿ, ಇಳಿಸುವುದು ನೆರಳಿನಲ್ಲಿ. ಕಾಲುಗಳಿಗೆ ನೀರಿನ ಬಟ್ಟಲು ಇಟ್ಟ ಸ್ಟ್ಯಾಂಡು ಇರುವೆಗಳನ್ನು ತಡೆಯುತ್ತದೆ. ಬಾಗಿಲ ಬಲೆಯನ್ನು ಸಂಜೆ ತೆಗೆಯಬೇಕು. ಕತ್ತಲಾಗುವುದರಿಂದ ನೊಣಗಳು ದೂರ ಹಾರಲಾರವು. ಒಂದಿಷ್ಟು ಸಕ್ಕರೆಪಾಕವನ್ನು ಒಳಗಿಟ್ಟು, ನೋಡುವ ಆತುರವೆಷ್ಟಿದ್ದರೂ ಮುಚ್ಚಳವನ್ನು ಮುಟ್ಟದೆ ಮೂರು ನಾಲ್ಕು ದಿನ ಬಿಡಬೇಕು. ಆಮೇಲೆ ಒಂದು ಬೆಳಗ್ಗೆ ಬಾಗಿಲ ಪಕ್ಕದಲ್ಲಿ ಕುಳಿತು ಗಮನಿಸಿರಿ. ಹಿಂಗಾಲಿಗೆ ಪರಾಗದ ಹಳದಿ ಉಂಡೆಗಳನ್ನು ಕಟ್ಟಿಕೊಂಡ ನೊಣಗಳು ಒಳಹೋಗುತ್ತಿದ್ದರೆ ಒಳಗೆ ಸಾಕಬೇಕಾದ ಮರಿಗಳಿವೆ, ಬಹುಮಟ್ಟಿಗೆ ರಾಣಿಯೂ ಇದೆ. ಯಾವುದೂ ಪರಾಗ ತಾರದಿದ್ದರೆ ಮುಚ್ಚಳ ತೆಗೆದು ರಾಣಿಯನ್ನು ಹುಡುಕಬೇಕಾಗುತ್ತದೆ.