ಎಲ್ಲ ರಕ್ತವೂ ಮೂಲವ್ಯಾಧಿಯಲ್ಲ

ಮಾಗಡಿ ತಾಲ್ಲೂಕಿನ ಕೆಂಪಾಪುರ ಎಂದರೆ ಹೊರಗಿನವರಿಗೆ ಕೆಂಪೇಗೌಡರ ಸಮಾಧಿ ಇರುವ ಊರು. ಅಲ್ಲಿ 30 ದಾಟಿದವರೂ ಎಲ್ಲ ಊರಿನವರಂತೆ ಸರ್ಕಾರಿ ತಪಾಸಣೆಗೆ ಬರುತ್ತಾರೆ: ಬಿ.ಪಿ., ಶುಗರ್, ಜೊತೆಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್. ದೊಡ್ಡ ಕರುಳು ಆ ಪಟ್ಟಿಯಲ್ಲಿಲ್ಲ. ಕರುಳಿನ ಕ್ಯಾನ್ಸರ್ ನಮ್ಮಲ್ಲಿ ಪಶ್ಚಿಮದ ದೇಶಗಳಷ್ಟಿಲ್ಲ, ನಿಜ. ಆದರೂ 2022ರಲ್ಲಿ ಭಾರತದಲ್ಲಿ ಸುಮಾರು 70 ಸಾವಿರ ಮಂದಿಗೆ ಹೊಸದಾಗಿ ಬಂದಿದೆಯೆಂದು ಗ್ಲೋಬೊಕಾನ್ ಅಂದಾಜು ಹೇಳುತ್ತದೆ.

ಈ ಕ್ಯಾನ್ಸರ್ ಬಹುಪಾಲು ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗಿ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ನಡುನಡುವೆ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುತ್ತದೆ. ಅದನ್ನು ಹಿಡಿಯುವುದೇ ಮಲ ಪರೀಕ್ಷೆ. ಹಳೆಯ ಗ್ವಾಯಕ್ ಪರೀಕ್ಷೆಗೆ ಕುರಿ ರಕ್ತ, ಮನುಷ್ಯರ ರಕ್ತ ಎಂಬ ಭೇದ ಗೊತ್ತಿರಲಿಲ್ಲ. ಹಸಿ ಮೂಲಂಗಿ ತಿಂದರೂ ದಾರಿ ತಪ್ಪುತ್ತಿತ್ತು. ಈಗಿನ ‘ಫಿಟ್’ (FIT) ಪರೀಕ್ಷೆ ಮನುಷ್ಯರ ರಕ್ತದ ಗ್ಲೋಬಿನ್ ಒಂದನ್ನೇ ಹುಡುಕುತ್ತದೆ. ಹಾಗಾಗಿ ಮಾರಮ್ಮನ ಹಬ್ಬದ ಬಾಡೂಟದ ಮರುದಿನವೂ ಮಾಡಿಸಬಹುದು, ಪಥ್ಯ ಬೇಕಿಲ್ಲ. ಜಪಾನ್ 1992ರಿಂದಲೇ ಇದನ್ನು ಜನರಿಗೆ ಒದಗಿಸುತ್ತಿದೆ. ಇಂಗ್ಲೆಂಡಿನಲ್ಲಿ ಎರಡು ವರ್ಷಕ್ಕೊಮ್ಮೆ ಕಿಟ್ ಅಂಚೆಯಲ್ಲೇ ಮನೆಗೆ ಬರುತ್ತದೆ.

ಮಾದರಿ ನೀರಿಗೆ ಬೀಳಬಾರದು, ಕಷ್ಟ ಇರುವುದು ಅಲ್ಲೇ. ಶೌಚದ ಗುಂಡಿಯ ಮೇಲೆ ಒಣ ಕಾಗದ ಹಾಸಿಕೊಳ್ಳಬೇಕು (ಓದಿ ಮುಗಿಸಿದ ಪತ್ರಿಕೆಯೂ ಆದೀತು). ಕಿಟ್‌ನ ಕಡ್ಡಿಯಿಂದ ಮೇಲ್ಮೈಯನ್ನು ಅಲ್ಲಲ್ಲಿ ಕೆರೆದು ಕೊಳವೆಯೊಳಗಿಟ್ಟು ಮುಚ್ಚಿದರಾಯಿತು. ನಾಚಿಕೆಯ ಮಾತೇ ಬೇರೆ. ಸಕ್ಕರೆ ಕಾಯಿಲೆಗೆ ಮೂತ್ರ ಕೊಡಲು ಹಿಂಜರಿಯದವರೂ ಇದಕ್ಕೆ ಮುಖ ತಿರುಗಿಸುತ್ತಾರೆ.

ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದಲ್ಲ, ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಆಗಲೇಬೇಕು ಎಂದು. ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ, ಮುಂದೆ ಬರಬಹುದಾದ ಕ್ಯಾನ್ಸರೇ ತಪ್ಪುತ್ತದೆ. ಶಿಬಿರ ನಡೆಸಿ ಹಳ್ಳಿ ಹಳ್ಳಿಗೆ ಕಿಟ್ ಹಂಚಿ, ಕೊಲೊನೊಸ್ಕೋಪಿಗೆ ಬೆಂಗಳೂರಿಗೆ ಹೋಗಿ ಎಂದು ಕೈತೊಳೆದುಕೊಳ್ಳುವುದಾದರೆ ಆ ಶಿಬಿರದಿಂದ ಫೋಟೊ ಬಿಟ್ಟು ಬೇರೇನೂ ದಕ್ಕುವುದಿಲ್ಲ.

ಇನ್ನೊಂದು ತಪ್ಪು ಎಣಿಕೆಯಿದೆ. ತಪಾಸಣೆಯ ಫಿಟ್ ಇರುವುದು ಯಾವ ತೊಂದರೆಯೂ ಇಲ್ಲದವರಿಗೆ. ಮಲದಲ್ಲಿ ರಕ್ತ ಕಂಡರೆ ‘ಉಷ್ಣ ಆಗಿದೆ’, ‘ಪೈಲ್ಸ್ ಇರಬೇಕು’ ಎಂದು ನಾಟಿ ಔಷಧಿಯಲ್ಲಿ ತಿಂಗಳು ಕಳೆಯುವುದೂ ಸಲ್ಲ, ಕಿಟ್ ತಂದು ನೆಗೆಟಿವ್ ಬಂತೆಂದು ಸುಮ್ಮನಿರುವುದೂ ಸಲ್ಲ. ಮಲವಿಸರ್ಜನೆಯ ರೂಢಿ ಬದಲಾಗಿ ಹಾಗೇ ಉಳಿದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಗಂಡಸರಲ್ಲಿ ರಕ್ತಹೀನತೆ ಕಂಡರೆ ನೇರ ವೈದ್ಯರ ಬಳಿಗೆ. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದವರು 40ನೇ ವಯಸ್ಸಿಗೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಕೊಲೊನೊಸ್ಕೋಪಿಯ ಬಗ್ಗೆ ಕೇಳಬೇಕು.