ಕೆರೆ ಇಳಿದಾಗ ಬರುವ ನೆಂಟರು: ಶಿರಾಳಕೊಪ್ಪ ಸೀಮೆಯಲ್ಲಿ ಬೇಸಿಗೆಯ ಹೋಂಸ್ಟೇ

ಶಿವಮೊಗ್ಗದಿಂದ ಸುಮಾರು 70 ಕಿ.ಮೀ. ದೂರದ ಶಿರಾಳಕೊಪ್ಪ ಮಲೆನಾಡಿನ ಸೆರಗಿನ ಊರು. ಇಲ್ಲಿಂದ ಒಂದು ದಾರಿ ಶಿಕಾರಿಪುರಕ್ಕೆ, ಒಂದು ಸೊರಬಕ್ಕೆ, ಒಂದು ಆನವಟ್ಟಿಯ ಮೇಲೆ ಹಾನಗಲ್ಲಿಗೆ, ಮತ್ತೊಂದು ಹಿರೇಕೆರೂರಿಗೆ ಹೋಗುತ್ತದೆ. ಪಡುವಣಕ್ಕೆ ನಡೆದರೆ ಅಡಿಕೆ ತೋಟ, ಭತ್ತದ ಗದ್ದೆ, ಕಾನು. ಮೂಡಣಕ್ಕೆ ನಡೆದರೆ ಮೆಕ್ಕೆಜೋಳದ ಬಯಲು. ಅಕ್ಕಿರೊಟ್ಟಿ, ಜೋಳದ ರೊಟ್ಟಿ ಎರಡೂ ಇಲ್ಲಿ ಮನೆಯೂಟವೇ.

ಈ ಸೀಮೆಯಲ್ಲಿ ಹೋಂಸ್ಟೇ ಮಾಡಬೇಕೆಂದು ಯೋಚಿಸುವ ಮನೆಯವರಿಗೆ ಎಲ್ಲರೂ ಹೇಳುವ ಮಾತೊಂದಿದೆ: ‘ಮಳೆ ಬಿದ್ದ ಮೇಲೆ ಜನ ಬರ್ತಾರೆ, ಬೇಸಿಗೆಯಲ್ಲಿ ತೋರಿಸೋಕೆ ಏನಿದೆ?’ ಜೋಗದ ಜಲಪಾತವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಮಾತು ಸರಿ. ಶಿರಾಳಕೊಪ್ಪದ ಸುತ್ತಲಿನ ಮಟ್ಟಿಗೆ ಸರಿಯಲ್ಲ. ಇದು ಕೆರೆ ಮತ್ತು ಕಲ್ಲಿನ ನಾಡು. ಕೆರೆ ತುಂಬಿದಾಗ ಕಾಣುವುದು ನೀರು ಮಾತ್ರ. ಕೆರೆ ಇಳಿದಾಗ ಏರಿ, ತೂಬು, ಕಾಲುವೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಶಾಲೆಗಳಿಗೆ ರಜೆ ಇರುವುದೂ ಆಗಲೇ. ಈ ನೆಲ ಹೇಗೆ ಬದುಕಿತು ಎಂಬುದನ್ನು ಮಕ್ಕಳಿಗೆ ತೋರಿಸಲು ಏಪ್ರಿಲ್, ಮೇ ತಿಂಗಳಿಗಿಂತ ಒಳ್ಳೆಯ ಕಾಲವಿಲ್ಲ.

ಕೋಡಿಮಠದಲ್ಲಿ ಆತಿಥ್ಯ

ಈ ಸೀಮೆಗೆ ಆತಿಥ್ಯ ಹೊಸದಲ್ಲ. ಶಿರಾಳಕೊಪ್ಪದಿಂದ ಎರಡು-ಮೂರು ಕಿ.ಮೀ. ದೂರದ ಬಳ್ಳಿಗಾವಿ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ಪ್ರಾಂತದ ರಾಜಧಾನಿಯಾಗಿತ್ತು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಮಠ ಕಾಳಾಮುಖ ಶೈವರ ದೊಡ್ಡ ವಿದ್ಯಾಕೇಂದ್ರ. 1162ರ ಶಾಸನವೊಂದು ಆ ಮಠದಲ್ಲಿ ನಡೆಯುತ್ತಿದ್ದುದನ್ನು ಪಟ್ಟಿ ಮಾಡಿ ಹೇಳುತ್ತದೆ. ವೇದ, ವ್ಯಾಕರಣ, ದರ್ಶನ, ಪುರಾಣಗಳ ಪಾಠ ಒಂದು ಕಡೆ. ಬಡವರು, ಅನಾಥರು, ಕುರುಡರು, ಕಿವುಡರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ನಾನಾ ದೇಶಗಳಿಂದ ಬಂದ ಭಿಕ್ಷುಕರು, ಇವರೆಲ್ಲರಿಗೂ ತಡೆಯಿಲ್ಲದ ಊಟ ಇನ್ನೊಂದು ಕಡೆ. ರೋಗಿಗಳಿಗೆ ಅಲ್ಲಿ ಚಿಕಿತ್ಸೆ ಇತ್ತು, ಬಂದ ಜೀವಕ್ಕೆಲ್ಲ ಅಭಯವಿತ್ತು.

ಊಟ, ನೆರಳು, ಆರೈಕೆ, ಅರಿವು. ಈ ನಾಲ್ಕನ್ನೂ ಒಂದೇ ಸೂರಿನಡಿ ಕೊಟ್ಟ ಮಠ ಅದು. ಇವತ್ತು ಹಳ್ಳಿಮನೆಯಲ್ಲಿ ದುಡ್ಡು ಪಡೆದು ಅತಿಥಿಗಳನ್ನು ಇಳಿಸಿಕೊಳ್ಳುವವರು ದಾನ ಮಾಡುತ್ತಿಲ್ಲ, ನಿಜ. ಆದರೆ ಮೊದಲ ಮೂರನ್ನು ಯಾವ ಲಾಡ್ಜಾದರೂ ಕೊಡಬಹುದು. ನಾಲ್ಕನೆಯದನ್ನು, ಅಂದರೆ ಈ ನೆಲದ ಅರಿವನ್ನು, ಇಲ್ಲೇ ಹುಟ್ಟಿ ಬೆಳೆದ ಮನೆಯವರು ಮಾತ್ರ ಕೊಡಬಲ್ಲರು. ಹೋಂಸ್ಟೇಯ ಬೆಲೆ ಇರುವುದು ಅಲ್ಲಿ.

ಮನೆಯ ತಯಾರಿ

ಬೇಸಿಗೆಯ ಅತಿಥಿಗೆ ಮೊದಲು ಬೇಕಾದದ್ದು ತಂಪು. ಹೆಂಚಿನ ಮನೆ, ಅಗಲ ಜಗಲಿ, ಗಾಳಿಯಾಡುವ ನಡುಮನೆ ಇದ್ದರೆ ಅರ್ಧ ಕೆಲಸ ಆದಂತೆ. ಅಂಗಳಕ್ಕೆ ಅಡಿಕೆ ಸೋಗೆಯ ಚಪ್ಪರ ಹಾಕಿದರೆ ಮಧ್ಯಾಹ್ನದ ಬಿಸಿಲು ಬಾಗಿಲಿನವರೆಗೆ ಬರುವುದಿಲ್ಲ. ಚಳಿಗಾಲದಲ್ಲಿ ಅಡಿಕೆ ಒಣಗಿಸಲು ಕಟ್ಟಿದ ಚಪ್ಪರದ ಕಂಬಗಳನ್ನು ಕೀಳದೆ ಉಳಿಸಿಕೊಂಡರೆ ಅವೇ ಸಾಕು. ಗೋಡೆಗೆ ಬಣ್ಣದ ಡಬ್ಬಿ ತರುವ ಮೊದಲು ಹಸೆ ಚಿತ್ತಾರ ಬಲ್ಲ ಹೆಣ್ಣುಮಕ್ಕಳನ್ನು ಕೇಳಬೇಕು. ಸೊರಬ, ಸಾಗರ ಸೀಮೆಯ ದೀವರ ಮನೆಗಳ ಈ ಕಲೆಯಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಸೇರುತ್ತವೆ. ಕುಂಚ ಪುಂಡಿನಾರಿನದು. ಕೆಲಸಕ್ಕೆ ತಕ್ಕ ಸಂಭಾವನೆ ಕೊಟ್ಟು ಬರೆಸಿದರೆ ಗೋಡೆಯೂ ಚೆಂದ, ಕಲೆಯೂ ಉಳಿಯುತ್ತದೆ.

ನೀರಿನ ಲೆಕ್ಕವನ್ನು ಮಾರ್ಚ್‌ನಲ್ಲೇ ಹಾಕಬೇಕು. ಮೇ ತಿಂಗಳಲ್ಲಿ ಬಾವಿಯ ನೀರು ಎಷ್ಟು ಮೊಳ ಇಳಿಯುತ್ತದೆ ಎಂಬುದು ಮನೆಯವರಿಗೆ ಗೊತ್ತಿರುತ್ತದೆ. ಆಗ ಉಳಿಯುವ ನೀರಿಗೆ ತಕ್ಕಷ್ಟೇ ಅತಿಥಿಗಳನ್ನು ಒಪ್ಪಿಕೊಳ್ಳುವುದು ಕ್ಷೇಮ. ಬಚ್ಚಲಿನ ನೀರನ್ನು ಬಾಳೆಬುಡಕ್ಕೆ ತಿರುಗಿಸಿ, ಶವರ್ ಬದಲು ಹಂಡೆ ಮತ್ತು ತಂಬಿಗೆ ಇಟ್ಟರೆ ಎಷ್ಟೋ ನೀರು ಉಳಿಯುತ್ತದೆ. ನಗರದ ಮಕ್ಕಳಿಗೆ ಹಂಡೆಯ ಸ್ನಾನವೇ ಒಂದು ಸಂಭ್ರಮ.

ಆಸರಿಗೆಯಿಂದ ಊಟದವರೆಗೆ

ಮನೆಗೆ ಬಂದವರಿಗೆ ‘ಆಸರಿಗೆ ಏನು ಕೊಡಲಿ?’ ಎಂದು ಕೇಳಿಯೇ ಮುಂದಿನ ಮಾತು. ಬೆಲ್ಲ-ನೀರು, ಮಜ್ಜಿಗೆ, ಇಲ್ಲವೇ ಮುರುಗಲು ಹಣ್ಣಿನ ಪಾನಕ. ಮುರುಗಲು ಹಣ್ಣಾಗುವುದು ಬೇಸಿಗೆಯಲ್ಲೇ. ಸಿಪ್ಪೆಯನ್ನು ಬಿಸಿಲಲ್ಲಿ ಒಣಗಿಸಿಟ್ಟರೆ ವರ್ಷವಿಡೀ ಸಾರಿಗೆ ಆಗುತ್ತದೆ. ಊಟಕ್ಕೆ ಒಂದೆಲಗದ ತಂಬುಳಿ, ಎಳೆ ಹಲಸಿನ ಪಲ್ಯ, ಮಾವಿನಕಾಯಿಯ ಅಪ್ಪೆಹುಳಿ. ಊಟದ ಕೊನೆಗೆ ಕುಡಿಯುವ ಈ ತೆಳು ಹುಳಿ ಸೆಕೆಗೆ ಹೇಳಿ ಮಾಡಿಸಿದ್ದು.

ಭೌಗೋಳಿಕ ಗುರುತು ಪಡೆದ ಅಪ್ಪೆಮಿಡಿಯ ಉಪ್ಪಿನಕಾಯಿ ಹಾಕುವುದೂ, ಹಲಸಿನ ಹಪ್ಪಳ ಒತ್ತುವುದೂ ಈ ದಿನಗಳ ಕೆಲಸವೇ. ಅತಿಥಿಗಳಿಗೆ ಬೇರೆ ಮನರಂಜನೆ ಹುಡುಕಬೇಕಾಗಿಲ್ಲ. ಹಪ್ಪಳ ಒತ್ತಲು ಅವರನ್ನೂ ಕೂರಿಸಿಕೊಂಡರೆ ಆಯಿತು. ಒಣಗಿದ ಹಪ್ಪಳದ ಒಂದು ಕಟ್ಟನ್ನು ಹೊರಡುವಾಗ ಕೊಂಡುಕೊಳ್ಳುವವರು ಆ ಕೆಲಸದ ಶ್ರಮವನ್ನೂ ಅರಿತಿರುತ್ತಾರೆ, ಬೆಲೆ ಚೌಕಾಸಿ ಮಾಡುವುದಿಲ್ಲ.

ಬೆಳಗಿನ ಹೊತ್ತಿನ ಹಾದಿ

ಬೇಸಿಗೆಯ ಸುತ್ತಾಟಕ್ಕೆ ಒಂದೇ ನಿಯಮ: ಆರು ಗಂಟೆಗೆ ಹೊರಟು ಹತ್ತೂವರೆಗೆ ನೆರಳು ಸೇರಬೇಕು, ಮತ್ತೆ ಹೊರಡುವುದು ನಾಲ್ಕರ ಮೇಲೆ.

ಮೊದಲ ಬೆಳಗು ಬಳ್ಳಿಗಾವಿಗೆ. ಮೂರು ಗರ್ಭಗುಡಿಗಳ ಕೇದಾರೇಶ್ವರ, ಜಾಲಂಧ್ರದ ಕೆತ್ತನೆಗೆ ಹೆಸರಾದ ತ್ರಿಪುರಾಂತಕೇಶ್ವರ, 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಸ್ತಂಭ, ಇವು ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗುವಷ್ಟು ಹತ್ತಿರ. ಶೂನ್ಯಪೀಠದ ಅಲ್ಲಮಪ್ರಭು ಹುಟ್ಟಿದ ಊರೆಂದು ಪರಂಪರೆ ನಂಬಿರುವುದೂ ಬಳ್ಳಿಗಾವಿಯನ್ನೇ. ಅಕ್ಕಮಹಾದೇವಿಯ ಉಡುತಡಿಯೂ ಇದೇ ಸೀಮೆಯಲ್ಲಿದೆ. ಹನ್ನೆರಡನೆಯ ಶತಮಾನದ ಕನ್ನಡದ ಎರಡು ದೊಡ್ಡ ದನಿಗಳ ತವರೂರುಗಳು ಇಷ್ಟು ಸಮೀಪದಲ್ಲಿವೆ ಎಂಬುದನ್ನು ಅತಿಥಿಗಳಿಗೆ ಹೇಳದೆ ಕಳಿಸಬಾರದು.

ಎರಡನೆಯ ಬೆಳಗು ಬಳ್ಳಿಗಾವಿಗೆ ಸಮೀಪದ ತಾಳಗುಂದಕ್ಕೆ. ಪ್ರಣವೇಶ್ವರ ಗುಡಿಯ ಮುಂದೆ ನಿಂತಿರುವ ಐದನೆಯ ಶತಮಾನದ ಕಂಬದ ಮೇಲೆ ಕದಂಬರ ಕಥೆ ಸಂಸ್ಕೃತ ಪದ್ಯಗಳಲ್ಲಿದೆ. ಓದಲು ಕಾಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಸವಾರನೊಡನೆ ಜಗಳವಾಗಿ, ಅವಮಾನ ತಾಳದೆ ಕತ್ತಿ ಹಿಡಿದು ರಾಜ್ಯ ಕಟ್ಟಿದ ಕಥೆ ಅದು. ಬರೆದ ಕವಿ ಕುಬ್ಜ, ಕೆತ್ತಿಸಿದವನು ಶಾಂತಿವರ್ಮ. ಮಯೂರನ ಕಥೆಯನ್ನು ಅನೇಕರು ಬಲ್ಲರು. ಆ ಪದ್ಯಗಳನ್ನು ಕಲ್ಲಿಗೆ ಏರಿಸಲು ಕಾರಣವಾದದ್ದು ಒಂದು ಕೆರೆ ಎಂಬುದನ್ನು ಬಲ್ಲವರು ಕಡಿಮೆ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಇಲ್ಲಿನ ಶಿವಾಲಯದ ಬಳಿ ಕೆರೆ ಕಟ್ಟಿಸಿದ. ಅದನ್ನು ನೆನಪಿಡಲೆಂದೇ ಈ ಶಾಸನ. ರಾಜವಂಶದ ಚರಿತ್ರೆ ನಮಗೆ ಸಿಕ್ಕಿದ್ದು ಕೆರೆಯ ನೆಪದಲ್ಲಿ. ಇದೇ ಆವರಣದಲ್ಲಿ 2013-14ರಲ್ಲಿ ನಡೆದ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ (ಸಿಂಹವಿರುವ ಮೆಟ್ಟಿಲ ಬದಿಗಲ್ಲಿನ) ಕನ್ನಡ ಶಾಸನವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆ ಕ್ರಿ.ಶ. 370ರ ಕಾಲದ್ದೆಂದು ಹೇಳಿದೆ. ಹಾಗಾದರೆ ಅದು ಹಲ್ಮಿಡಿ ಶಾಸನಕ್ಕಿಂತ ಹಳೆಯದು.

ಕೆರೆಯಂಗಳದ ಪಾಠ

ತಾಳಗುಂದದಿಂದ ಬಂದ ಮೇಲೆ ಸಂಜೆ ಊರಿನ ಯಾವುದೇ ಕೆರೆಯ ಏರಿಯ ಮೇಲೆ ನಿಂತರೂ ಆ ಕಂಬದ ಮಾತು ಅರ್ಥವಾಗುತ್ತದೆ. ಏರಿ ನೀರನ್ನು ತಡೆಯುತ್ತದೆ. ತೂಬು ಗದ್ದೆಗೆ ಬೇಕಾದಷ್ಟನ್ನೇ ಬಿಡುತ್ತದೆ. ಹೆಚ್ಚಾದದ್ದು ಕೋಡಿಯಿಂದ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ಹೀಗೆ ಕೆರೆಯಿಂದ ಕೆರೆಗೆ ನೀರು ಸಾಗುವ ಸರಪಳಿಗಳು ಸೊರಬ, ಶಿಕಾರಿಪುರ ತಾಲ್ಲೂಕುಗಳ ಉದ್ದಗಲಕ್ಕೂ ಇವೆ. ಒಂದು ಕೆರೆ ಒತ್ತುವರಿಯಾದರೆ ಕೆಳಗಿನ ಕೆರೆಯೂ ಸೊರಗುತ್ತದೆ. ನೀರು ಇಳಿದಾಗ ಈ ಏರ್ಪಾಡನ್ನು ಮಕ್ಕಳಿಗೆ ಬೆರಳು ಮಾಡಿ ತೋರಿಸಬಹುದು. ರೈತರು ಹೂಳನ್ನು ಹೊಲಕ್ಕೆ ಸಾಗಿಸುವುದೂ ಆಗಲೇ. ಮೇಲಿನ ನೆಲದಿಂದ ಕೊಚ್ಚಿಬಂದ ಸಾರವತ್ತಾದ ಮಣ್ಣು ಹೊಲಕ್ಕೆ ಮರಳುತ್ತದೆ, ಕೆರೆಗೆ ಆಳ ಸಿಗುತ್ತದೆ.

ಬೇಸಿಗೆಯ ಕೊನೆಗೆ ಕೆಲವು ಊರುಗಳಲ್ಲಿ ಕೆರೆಬೇಟೆ. ಊರವರು ದಿನ ಗೊತ್ತುಮಾಡಿ ಸುತ್ತಲ ಹಳ್ಳಿಗಳಿಗೆ ಸುದ್ದಿ ಕೊಡುತ್ತಾರೆ. ಮೀನು ಹಿಡಿಯುವ ಬಿದಿರಿನ ಬುಟ್ಟಿಯಾದ ಕೂಣಿ ಹಿಡಿದ ಜನ ಏರಿಯ ಸುತ್ತ ಕಾಯುತ್ತಾರೆ. ಅಪ್ಪಣೆ ಸಿಕ್ಕ ಕೂಡಲೇ ಎಲ್ಲರೂ ಒಮ್ಮೆಗೇ ನೀರಿಗಿಳಿಯುತ್ತಾರೆ. ಮೊಣಕಾಲುದ್ದದ ಕೆಸರು ನೀರಿನಲ್ಲಿ ಕೂಣಿಯನ್ನು ಊರಿ, ಮೇಲಿನ ಬಾಯಿಯಿಂದ ಕೈ ಹಾಕಿ ಮೀನು ತಡಕುವುದು ಪದ್ಧತಿ. ನೋಡಲು ಬಂದವರು ಏರಿಯ ಮೇಲೆ ನಿಲ್ಲಬೇಕು, ಊರವರ ಒಪ್ಪಿಗೆಯಿಲ್ಲದೆ ಇಳಿಯಬಾರದು, ಕೇಳದೆ ಫೋಟೊ ತೆಗೆಯಬಾರದು. ಇದು ಪ್ರವಾಸಿಗರಿಗಾಗಿ ನಡೆಯುವ ಪ್ರದರ್ಶನವಲ್ಲ, ಊರು ತನಗಾಗಿ ಮಾಡಿಕೊಳ್ಳುವ ಹಬ್ಬ.

ಇನ್ನಷ್ಟು ದೂರ

ಮೂರು-ನಾಲ್ಕು ದಿನ ಉಳಿಯುವವರಿಗೆ ಬೇರೆ ಹಾದಿಗಳಿವೆ. ಬಂದಳಿಕೆಯ ಬಸದಿ-ಗುಡಿಗಳು ಮರಗಳ ನಡುವೆ ಇವೆ. ಹತ್ತನೆಯ ಶತಮಾನದ ಆರಂಭದಲ್ಲಿ ಗಂಡ ತೀರಿದ ಮೇಲೆ ನಾಗರಖಂಡದ ಆಡಳಿತವನ್ನು ದಿಟ್ಟತನದಿಂದ ನಡೆಸಿದ ಜಕ್ಕಿಯಬ್ಬೆ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದು ಅಲ್ಲೇ. ಆನವಟ್ಟಿ ಪಕ್ಕದ ಕುಬಟೂರಿನ ಕೈಟಭೇಶ್ವರ, ವರದೆಯ ದಡದ ಬನವಾಸಿಯ ಮಧುಕೇಶ್ವರ ಒಂದೇ ದಿನದ ಹಾದಿ. ಚಂದ್ರಗುತ್ತಿಯ ಬೆಟ್ಟವನ್ನು ಬಿಸಿಲೇರುವ ಮೊದಲೇ ಹತ್ತಿ ಇಳಿಯಬೇಕು. ಸೊರಬದಲ್ಲಿ ಗುಡಿಗಾರರ ಗಂಧದ ಕೆತ್ತನೆ ನೋಡಬಹುದು. 1942ರಲ್ಲಿ ತಾನು ಸ್ವತಂತ್ರವೆಂದು ಸಾರಿದ ಈಸೂರು ಶಿಕಾರಿಪುರ ತಾಲ್ಲೂಕಿನದೇ. ಆ ಹೋರಾಟಕ್ಕಾಗಿ ಮರುವರ್ಷ ಐವರು ಗಲ್ಲಿಗೇರಿದರು. ಅಲ್ಲಿ ಅರ್ಧ ದಿನ ಕಳೆದ ಮಗು ಪಾಠದ ಪುಸ್ತಕವನ್ನು ಬೇರೆ ಕಣ್ಣಿನಿಂದ ಓದುತ್ತದೆ.

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಮಾತ್ರ ಬೇಸಿಗೆಯಲ್ಲಿ ಕರೆದೊಯ್ಯಬೇಡಿ. ಬೆಳ್ಳಕ್ಕಿ, ಕೆಂಬರಲು, ನೀರುಕಾಗೆಗಳು ಗೂಡುಕಟ್ಟುವುದು ಮಳೆ ಹಿಡಿದ ಮೇಲೆ. ಅದನ್ನು ನೇರವಾಗಿ ಹೇಳಿದರೆ ಅತಿಥಿಗೆ ನಂಬಿಕೆ ಬರುತ್ತದೆ, ಮಳೆಗಾಲಕ್ಕೆ ಅದೇ ಅತಿಥಿ ಮತ್ತೆ ಬರುತ್ತಾರೆ.

ಉಣುಗಿನ ಎಚ್ಚರ

ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಅದಕ್ಕಿರುವುದು ಆ ಕಾಡಿನದೇ ಹೆಸರು. ವೈರಸ್ ಹರಡುವುದು ಉಣುಗುಗಳಿಂದ. ಚಳಿಗಾಲದಿಂದ ಮಳೆ ಬರುವವರೆಗೆ ಅವು ಒಣಗಿದ ತರಗೆಲೆಯಲ್ಲಿ ಹೆಚ್ಚು. ಆದ್ದರಿಂದ ಹೋಂಸ್ಟೇಯವರು ಇದನ್ನು ಮುಚ್ಚಿಡದೆ ಹೇಳಬೇಕು.

• ಕಾಡಿನ ಹಾದಿಯನ್ನು ತೋರಿಸುವ ಮೊದಲು ಸಮೀಪದ ಆರೋಗ್ಯ ಕೇಂದ್ರದಲ್ಲಿ ಪರಿಸ್ಥಿತಿ ವಿಚಾರಿಸಿ.
• ತುಂಬುತೋಳು, ಕಾಲುಮುಚ್ಚುವ ಬಟ್ಟೆ, ಉಣುಗು ಹತ್ತದಂತೆ ಹಚ್ಚುವ ಎಣ್ಣೆ ಬೇಕು. ತರಗೆಲೆಯ ಮೇಲೆ ಕೂರಬಾರದು.
• ಮರಳಿದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಗಳ ಒಗೆತ, ಮೈ ಪರೀಕ್ಷೆ.
• ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.
• ಊರಿಗೆ ಹೋದ ಮೇಲೆ ಜ್ವರ ಬಂದರೆ, ಈ ಸೀಮೆಗೆ ಬಂದಿದ್ದನ್ನು ವೈದ್ಯರಿಗೆ ಹೇಳುವಂತೆ ಅತಿಥಿಗೆ ತಿಳಿಸಿ.

ನಿಯಮ ಮತ್ತು ಲೆಕ್ಕ

ರಾಜ್ಯದ ನಿಯಮದಂತೆ ಹೋಂಸ್ಟೇ ಎಂದರೆ ಮಾಲೀಕರು ತಾವೂ ವಾಸವಿರುವ ಮನೆ. ಬಾಡಿಗೆಗೆ ಕೊಡುವ ಕೋಣೆಗಳು ಐದನ್ನು ಮೀರುವಂತಿಲ್ಲ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ಅತಿಥಿಗಳ ಗುರುತಿನ ಚೀಟಿಯ ದಾಖಲೆ ಕಡ್ಡಾಯ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸರಕಾರಕ್ಕೆ ಸಲ್ಲಿಸಬೇಕು.

ಲೆಕ್ಕದ ಇನ್ನೊಂದು ಮಗ್ಗುಲಿದೆ. ಹಾಲು ಪಕ್ಕದ ಮನೆಯಿಂದ, ತರಕಾರಿ ಸಂತೆಯಿಂದ, ಆಟೊ ಊರಿನ ಹುಡುಗನದು, ಶಾಸನದ ಕಥೆ ಹೇಳಲು ಓದಿದ ತರುಣಿಯೊಬ್ಬಳು: ಹೀಗೆ ಹಂಚಿಕೊಂಡರೆ ಒಂದು ಮನೆಯ ಆದಾಯ ಹತ್ತು ಮನೆಗೆ ತಲುಪುತ್ತದೆ. ಎಲ್ಲವನ್ನೂ ತಾನೇ ಮಾಡಿ ಲಾಭವನ್ನು ತಾನೇ ಇಟ್ಟುಕೊಂಡವರನ್ನು ಊರು ಬಹಳ ಕಾಲ ಸಹಿಸುವುದಿಲ್ಲ. ಅತಿಥಿಗಳು ಕೊಟ್ಟ ಹಣದಲ್ಲಿ ಸ್ವಲ್ಪ ಪಾಲನ್ನು ಊರಿನ ಕೆರೆಯ ಹೂಳೆತ್ತಲು ತೆಗೆದಿಡುವ ಪದ್ಧತಿಯನ್ನು ಹೋಂಸ್ಟೇಗಳು ಮೊದಲ ವರ್ಷದಿಂದಲೇ ಇಟ್ಟುಕೊಳ್ಳಬೇಕು. ಅತಿಥಿ ಕುಡಿದ ನೀರು ಆ ಕೆರೆಯ ಬಸಿಯಿಂದ ತುಂಬಿದ ಬಾವಿಯದು. ಕೆರೆ ಕಟ್ಟಿದ್ದನ್ನು ಕಲ್ಲಿನ ಮೇಲೆ ಕೆತ್ತಿಸಿಡುವಷ್ಟು ಗೌರವಿಸಿದ ಸೀಮೆಯಲ್ಲಿ, ಕೆರೆಯನ್ನು ಉಳಿಸುವ ಹೊಣೆ ಆತಿಥ್ಯದಿಂದ ಬದುಕುವವರ ಮೇಲೂ ಇದೆ.